ಟೇಲರ್ ಸಾಹೇಬನ ಬಂಗಲೆ ಯಾರದು?

ಸೇಡಂ ರಸ್ತೆಯ ಚಹಾದಂಗಡಿಯಲ್ಲಿ ಮೊನ್ನೆ ಸುರಪುರದ ಟೇಲರ್ ಮಂಜಿಲ್ ಮಾತು ಬಂತು. ಕಿರಾಣಿ ವ್ಯಾಪಾರದ ಗೆಳೆಯರೊಬ್ಬರು, "ಮಾಸ್ತರ್ರ, ಆ ಇಂಗ್ರೇಜಿ ಸಾಹೇಬನ ಮನಿಗೆ ಸುಣ್ಣಾ ಬಣ್ಣಾ ಯಾಕ ಬೇಕ್ರಿ? ಕೆಡವಿ ಬಿಡ್ರಿ" ಎಂದರು. ಅವರ ಸಿಟ್ಟು ನ್ಯಾಯವಾದುದೇ. ಸಲಹೆ ಮಾತ್ರ ತಪ್ಪು.

ಗುಡ್ಡದ ಮೇಲಿನ ಆ ಬಂಗಲೆ 1844ರದು. 1857ರ ಸಮರಕ್ಕಿಂತ ಹದಿಮೂರು ವರ್ಷ ಹಿಂದಿನದು. 1841ರಲ್ಲಿ ಸುರಪುರದ ಅರಸ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಬಾಲಕ. ತಾಯಿ ಈಶ್ವರಮ್ಮನ ಕೈಯಿಂದ ಕಾರಭಾರವನ್ನು ಇಂಗ್ರೇಜರ ಏಜೆಂಟ್ ಮೆಡೋಸ್ ಟೇಲರ್ ತೆಗೆದುಕೊಂಡ. ಹುಡುಗನನ್ನು ಓದಿಸಿ ಬೆಳೆಸಿದ. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಟೇಲರ್ ಕೆಟ್ಟವನೆಂದು ನಾನು ಹೇಳಲಾರೆ. ಆದರೆ ಗಿರಣಿ ಕಾರ್ಮಿಕ ಬಂಧುಗಳಿಗೆ ಬಿಡಿಸಿ ಹೇಳಬೇಕೇ? ಮಾಲೀಕ ಎಷ್ಟೇ ಒಳ್ಳೆಯವನಾದರೂ ಲೆಕ್ಕದ ಪುಸ್ತಕ ಅವನ ಕೈಯಲ್ಲೇ ಇರುತ್ತದೆ.

1853ರಲ್ಲಿ ಗಾದಿಗೆ ಬಂದ ವೆಂಕಟಪ್ಪ ನಾಯಕ 1858ರ ಫೆಬ್ರವರಿಯಲ್ಲಿ ಇಂಗ್ರೇಜರ ಮೇಲೆ ತಿರುಗಿಬಿದ್ದ. ಸೋತು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಸೆರೆಯಲ್ಲಿ ಬಂದು ಕಂಡವನು ಅದೇ ಟೇಲರ್! ಮರಣದಂಡನೆ ಇಳಿದಿಳಿದು ನಾಲ್ಕು ವರ್ಷದ ಸೆರೆವಾಸವಾಯಿತು. ಮದರಾಸಿನ ಕಡೆಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ಅರಸ ಸತ್ತ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು.

ಈ ಮನೆ ಕೆಡವಿದರೆ ಇಷ್ಟಕ್ಕೆಲ್ಲ ಇರುವ ಕಲ್ಲಿನ ಸಾಕ್ಷಿಯೇ ಹೋಗುತ್ತದೆ. ಆದರೆ ಸ್ವರಾಜ್ಯ ಬಂದ ಮೇಲೂ ಅದು ಅಧಿಕಾರಿಗಳು ತಂಗುವ ಬಂಗಲೆಯೇ ಆಯಿತು. ಸಾಹೇಬನ ಬಣ್ಣ ಬದಲಾಯಿತು, ಅಷ್ಟೇ.

ಅಮೇರಿಕದ ದಕ್ಷಿಣ ಸಂಸ್ಥಾನಗಳಲ್ಲಿಯೂ 1861ರ ಅಂತರ್ಯುದ್ಧಕ್ಕೆ ಮುಂಚಿನ ಇಂಥ ಬಂಗಲೆಗಳಿವೆ. ಗುಲಾಮರ ಬೆವರಿನಿಂದ ಎದ್ದವು. ಬಹುಕಾಲ ಅಲ್ಲಿ ಧಣಿಯ ಕುರ್ಚಿ, ಧಣಿಯ ಮಂಚಗಳನ್ನಷ್ಟೇ ತೋರಿಸುತ್ತಿದ್ದರು. ಲೂಯಿಸಿಯಾನದ ವಿಟ್ನಿ ತೋಟವನ್ನು 2014ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಾಗ ಮಾತ್ರ ಗುಲಾಮರ ಹೆಸರುಗಳನ್ನೇ ಗೋಡೆಗಳ ಮೇಲೆ ಕೆತ್ತಿದರು.

ನಮ್ಮಲ್ಲಿ? ಕಲಬುರಗಿಯ ಎಂ.ಎಸ್.ಕೆ. ಗಿರಣಿ ಮುಚ್ಚಿಹೋಯಿತು. ಆ ಮೂರು ಅಕ್ಷರಗಳಲ್ಲಿ ಮೆಹಬೂಬ್ ಶಾಹಿ ಉಳಿದಿದ್ದಾನೆ, ನೂಲು ತೆಗೆದವರಿಲ್ಲ. ಟೇಲರ್ ಮಂಜಿಲ್‌ಗೆ ಗುಡ್ಡದ ಮೇಲೆ ಕಲ್ಲು ಹೊತ್ತ ಕೂಲಿಕಾರರ ಗತಿಯೂ ಅದೇ.

ಆದುದರಿಂದ ಸರಕಾರಕ್ಕೆ ನಮ್ಮ ಬೇಡಿಕೆ ಇದು: ಬಂಗಲೆ ದುರಸ್ತಿಯಾಗಲಿ. ಅಧಿಕಾರಿಗಳು ತಂಗಲು ಬೇರೆ ಕಡೆ ಕೋಣೆ ನೋಡಿಕೊಳ್ಳಲಿ. ಬಾಗಿಲಲ್ಲಿ ಟೇಲರ್, ಈಶ್ವರಮ್ಮ, ವೆಂಕಟಪ್ಪ ನಾಯಕ, ಕಲ್ಲು ಹೊತ್ತವರು, ಎಲ್ಲರ ಕಥೆಯನ್ನೂ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿಸಲಿ. ಭಾನುವಾರ ಬೀಗ ಹಾಕುವುದು ಬೇಡ. ದುಡಿಯುವವನಿಗೆ ಸಿಗುವುದು ಆ ಒಂದು ದಿನವೇ.