ಕೈಗಾರಿಕಾ ನಿವೇಶನಗಳ ಕೊಳವೆಬಾವಿ ಅನುಮತಿ ಕುರಿತು ತ್ಯಾಮಗೊಂಡ್ಲು ಹೋಬಳಿ ರೈತರು ಮತ್ತು ನಿವಾಸಿಗಳ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ಅಂತರ್ಜಲ ಸಮಿತಿ, ಬೆಂಗಳೂರು ಗ್ರಾಮಾಂತರ ಜಿಲ್ಲೆ,
ಜಿಲ್ಲಾಡಳಿತ ಭವನ, ಬೀರಸಂದ್ರ, ದೇವನಹಳ್ಳಿ ತಾಲ್ಲೂಕು.

ಇಂದ,
ತ್ಯಾಮಗೊಂಡ್ಲು ಹೋಬಳಿಯ ರೈತರು ಮತ್ತು ನಿವಾಸಿಗಳು,
ನೆಲಮಂಗಲ ತಾಲ್ಲೂಕು.

ವಿಷಯ: ಕೈಗಾರಿಕಾ ಉದ್ದೇಶದ ಕೊಳವೆಬಾವಿಗಳಿಗೆ ಸ್ಥಳ ಪರೀಕ್ಷೆ ನಡೆಸದೆ ಅನುಮತಿ ನೀಡಬಾರದೆಂದು ಕೋರಿ.

ಮಾನ್ಯರೇ,

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿಯೂ ಮಳೆ ಹೋದ ಮೇಲೆ ಮರಳಿನ ಹಾದಿಯಷ್ಟೇ. ಕುಡಿಯಲು, ರಾಗಿ, ತರಕಾರಿ, ಹೂವು ಬೆಳೆಯಲು, ಹಸು ಸಾಕಲು ನಮಗಿರುವುದು ಕೆರೆ ಮತ್ತು ಬೋರು. ನೆಲಮಂಗಲ ಸೇರಿ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ. ಅಂದರೆ ಮಳೆ ಇಂಗಿಸುವುದಕ್ಕಿಂತ ಹೆಚ್ಚು ನೀರನ್ನು ನಾವು ಎತ್ತುತ್ತಿದ್ದೇವೆ. ಇದರಲ್ಲಿ ರೈತರಾದ ನಮ್ಮ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಇಲ್ಲಿಯ ನೆಲ ಗಟ್ಟಿ ಬಂಡೆ. ಬೋರ್‌ವೆಲ್ ಲಾರಿ ನಿಂತು ಕೊರೆಯುವಾಗ ನೂರಾರು ಅಡಿಯವರೆಗೂ ಹಾರುವುದು ಬಿಳಿ ಕಲ್ಲುಪುಡಿ. ಬಿರುಕು ಸಿಕ್ಕಾಗ ಮಾತ್ರ ಆ ಪುಡಿ ಕೆಸರಾಗಿ, ಆಮೇಲೆ ನೀರು ಚಿಮ್ಮುತ್ತದೆ. ಎಷ್ಟು ಇಂಚು ನೀರು ಬಂತು ಎಂದು ಊರೇ ಕೇಳುತ್ತದೆ. ಒಂದೇ ಬಿರುಕಿಗೆ ಎರಡು ಬಾವಿ ಬಿದ್ದರೆ, ಹೆಚ್ಚು ಆಳಕ್ಕೆ ದೊಡ್ಡ ಮೋಟರ್ ಇಳಿಸಿದವರಿಗೆ ನೀರು, ಪಕ್ಕದವರ ಪೈಪಿನಲ್ಲಿ ಗಾಳಿ. ಕಾರ್ಖಾನೆ ಹಗಲು ರಾತ್ರಿ ಎತ್ತುತ್ತದೆ. ರೈತನ ಮೋಟರ್ ತ್ರೀ ಫೇಸ್ ಕರೆಂಟ್ ಇರುವಷ್ಟು ಹೊತ್ತು ಓಡುತ್ತದೆ. ಇದು ಸಮಬಲರ ಪೈಪೋಟಿಯಲ್ಲ. ಪಂಚಾಯಿತಿಯ ಕುಡಿಯುವ ನೀರಿನ ಬೋರಿಗೂ ಇದೇ ಗತಿ. ನೀರುಗಂಟಿ ವಾಲ್ವ್ ತಿರುಗಿಸಿದಾಗ ನಲ್ಲಿಯಲ್ಲಿ ಬರೀ ಸದ್ದು ಕೇಳಿದರೆ, ಬಿಂದಿಗೆ ಹಿಡಿದು ನಿಂತ ಹೆಣ್ಣುಮಕ್ಕಳು ಯಾರನ್ನು ಕೇಳಬೇಕು?

ನಾವು ಕೈಗಾರಿಕೆಯ ವಿರೋಧಿಗಳಲ್ಲ. ನಮ್ಮ ಮಕ್ಕಳು ದಾಬಸ್‌ಪೇಟೆಯ ಕಾರ್ಖಾನೆಗಳಿಗೆ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ, ಆ ಸಂಬಳದಿಂದ ಮನೆಗಳು ನಡೆಯುತ್ತಿವೆ. ಆದರೆ ಕಾನೂನು ಇದೆ, ಅದನ್ನು ಪಾಲಿಸಿ ಎನ್ನುತ್ತೇವೆ. ಕುಡಿಯುವ ನೀರಿನ ಮೂಲಗಳ ರಕ್ಷಣೆಗಾಗಿ ಬಂದ 1999ರ ಕಾಯ್ದೆಯಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶದಲ್ಲಿ ಕೊಳವೆಬಾವಿಗೆ ಅನುಮತಿ ಕಡ್ಡಾಯ ಮಾಡಿದೆ. ಕೇಂದ್ರದ 2020ರ ಸೆಪ್ಟೆಂಬರ್ 24ರ ಮಾರ್ಗಸೂಚಿಯೂ ಅತಿಬಳಕೆಯ ಪ್ರದೇಶದಲ್ಲಿ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಹೊರತು ಹೊಸ ಕೈಗಾರಿಕೆಗೆ ಅಂತರ್ಜಲ ಎತ್ತಲು ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ಬಾಟಲಿ ನೀರಿನ ಘಟಕಕ್ಕೆ ಆ ವಿನಾಯಿತಿಯೂ ಇಲ್ಲ.

ಆದ್ದರಿಂದ, ಕೈಗಾರಿಕೆಗೆ ಭೂಪರಿವರ್ತನೆ ಮತ್ತು ನಕ್ಷೆ ಮಂಜೂರಾತಿ ಕೊಡುವ ಮೊದಲೇ ನೀರಿನ ಮೂಲ ಯಾವುದೆಂದು ಲಿಖಿತವಾಗಿ ಕೇಳಬೇಕು. ಕಟ್ಟಡ ಎದ್ದ ಮೇಲೆ ಬರುವ ಕೊಳವೆಬಾವಿ ಅರ್ಜಿಗೆ ಯಾರೂ ಬೇಡ ಎನ್ನಲಾರರು.

ಕೊರೆಯಲು ಒಪ್ಪುವ ಮುನ್ನ ಭೂವಿಜ್ಞಾನಿ ಸ್ಥಳಕ್ಕೆ ಬರಬೇಕು. ಇಳುವರಿ ಪರೀಕ್ಷೆಯನ್ನು ಏಪ್ರಿಲ್–ಮೇ ತಿಂಗಳಲ್ಲೇ ಮಾಡಬೇಕು, ಕೆರೆ ತುಂಬಿದ ಅಕ್ಟೋಬರಿನಲ್ಲಲ್ಲ. ಪರೀಕ್ಷೆಯ ಹೊತ್ತಿನಲ್ಲೇ ಸುತ್ತಲಿನ ರೈತರ ಬೋರುಗಳು ಮತ್ತು ಗ್ರಾಮ ಪಂಚಾಯಿತಿಯ ಕುಡಿಯುವ ನೀರಿನ ಬೋರಿನ ಮಟ್ಟವನ್ನೂ ಅಳೆದು, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ನಮ್ಮ ಬೇಡಿಕೆಗಳಲ್ಲಿ ಇದೇ ಮುಖ್ಯ. ಉಳಿದದ್ದರಲ್ಲಿ ರಾಜಿಗೆ ಜಾಗವಿದೆ, ಇದರಲ್ಲಿಲ್ಲ.

ಅನುಮತಿ ಕೊಟ್ಟಲ್ಲಿ ಡಿಜಿಟಲ್ ಮೀಟರ್, ಮಟ್ಟ ಅಳೆಯುವ ಪ್ರತ್ಯೇಕ ಬಾವಿ, ಚಾವಣಿ ಮಳೆನೀರು ಇಂಗಿಸುವ ವ್ಯವಸ್ಥೆ ಇರಲಿ. ಮೀಟರ್ ಲೆಕ್ಕ ಪಂಚಾಯಿತಿ ಫಲಕಕ್ಕೆ ಬರಲಿ. ಪಕ್ಕದ ಕುಡಿಯುವ ನೀರಿನ ಬೋರು ಬತ್ತಿದರೆ ಕಾರ್ಖಾನೆಯ ಮೋಟರ್ ಮೊದಲು ನಿಲ್ಲಲಿ. ನೀರು ಸಿಗದೆ ಬಿಟ್ಟ ಕೊಳವೆಬಾವಿಗಳನ್ನು, ಸುಪ್ರೀಂ ಕೋರ್ಟ್ 2010ರಲ್ಲಿ ಸೂಚಿಸಿರುವಂತೆ, ಮುಚ್ಚಿಸಿ.

ಕೈಗಾರಿಕೆಗೆ ಬೇರೆ ದಾರಿಯಿದೆ. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯಲ್ಲಿ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅಂಥದ್ದೇ ವೃಷಭಾವತಿ ಕಣಿವೆ ಯೋಜನೆಯ ವ್ಯಾಪ್ತಿಯಲ್ಲಿ ನಮ್ಮ ತಾಲ್ಲೂಕೂ ಇದೆ. ತೊಳೆಯಲು, ತಣಿಸಲು ಸಂಸ್ಕರಿತ ನೀರು ಸಾಕು. ಅದನ್ನು ಕಾರ್ಖಾನೆಯ ಬಾಗಿಲಿಗೆ ಮುಟ್ಟಿಸುವ ಹೊಣೆಯನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹೊರಲಿ.

ಕೈಗಾರಿಕಾ ಕೊಳವೆಬಾವಿಗಳಿಗಾಗಿ ಬಾಕಿ ಇರುವ ಅರ್ಜಿಗಳನ್ನು ತೀರ್ಮಾನಿಸುವ ಮುನ್ನ ತಾವು ಒಮ್ಮೆ ತ್ಯಾಮಗೊಂಡ್ಲಿಗೆ ಬಂದು ನಮ್ಮ ಅಹವಾಲು ಕೇಳಬೇಕೆಂದು, ಅಲ್ಲಿಯವರೆಗೆ ಯಾವುದೇ ಕೈಗಾರಿಕಾ ಕೊಳವೆಬಾವಿಗೆ ಸಹಿ ಹಾಕಬಾರದೆಂದು ವಿನಮ್ರವಾಗಿ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ತ್ಯಾಮಗೊಂಡ್ಲು ಹೋಬಳಿಯ ರೈತರು ಮತ್ತು ನಿವಾಸಿಗಳು