ತಲೆಮಾರಿನ ಹಾಡು ಯಾವುದು ಅಂತ ಕೇಳೋ ಮೊದಲು, ಹಾಡಿದೋರು ಯಾರು ಅಂತ ಕೇಳಿ



ಏಪ್ರಿಲ್ 14 ಹತ್ತಿರ ಬಂತು ಅಂದ್ರೆ ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಒಂದು ಜಗಳ ಗ್ಯಾರಂಟಿ. ಮೆರವಣಿಗೆಗೆ ಡಿಜೆ ಬೇಕಾ, ಬೇಡ್ವಾ? ಚಳವಳಿಯ ಕಾಲ ಕಂಡ ಅಣ್ಣಂದಿರು "ಹೋರಾಟದ ಹಾಡಿಲ್ಲದ ಜಯಂತಿ ಎಂಥ ಜಯಂತಿ? ಈಗಿನ ಹುಡುಗರಿಗೆ ಕುಣಿಯದೊಂದೇ ಗೊತ್ತು" ಅಂತಾರೆ. ಹುಡುಗರು "ನಿಮ್ ಕಾಲದ್ದು ನಿಮಗೆ, ನಮ್ ಕಾಲದ್ದು ನಮಗೆ, ಬುಡಿ ಅಣ್ಣ" ಅಂತಾರೆ. ಕೊನೆಗೆ ಬೆಳಿಗ್ಗೆ ಮಾಲಾರ್ಪಣೆ ಹೊತ್ತಿಗೆ ಎರಡು ಹೋರಾಟದ ಹಾಡು, ಸಂಜೆಗೆ ಡಿಜೆ ಅಂತ ರಾಜಿ ಆಗುತ್ತೆ. ಆದ್ರೆ ಅವರದು ಇವರು ಕೇಳಲ್ಲ, ಇವರದು ಅವರು ಕೇಳಲ್ಲ.

ಈ ಜಗಳದಲ್ಲಿ ನನಗೆ ಎರಡೂ ಕಡೆಯವರ ಮೇಲೆ ತಕರಾರಿದೆ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಮೊದಲು ಅಣ್ಣಂದಿರಿಗೆ. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದದ್ದು 1975ರಲ್ಲಿ. ಅವರ ಹಾಡುಗಳು ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ತಮಟೆ ಜೊತೆ ಊರೂರು ಸುತ್ತಿದವು. ಆವತ್ತಿಗೆ ಅದು ಹೊಚ್ಚಹೊಸ ಸದ್ದು. ಇದೂ ಒಂದು ಕಾವ್ಯವಾ ಅಂತ ಮೂಗು ಮುರಿದೋರು ಕಮ್ಮಿ ಇರಲಿಲ್ಲ. ಆಗ ನೀವು ಇಪ್ಪತ್ತರ ಹುಡುಗರು. ಊರ ಯಜಮಾನರು "ಏನ್ರಲಾ ಇದು ಕೂಗಾಟ" ಅಂದಿದ್ದಕ್ಕೆ ನೀವು ಹಾಡೋದು ನಿಲ್ಲಿಸಿದ್ರಾ? ಇಲ್ಲ ತಾನೆ.

ಇನ್ನು 'ಡಿಜೆ ನಮ್ಮದಲ್ಲ' ಅನ್ನೋ ಮಾತು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಬ್ಬಳು ಹುಡುಗಿ, ಶಾಲೆ ಶುರುವಾಗೋ ಮೊದಲು ಹೊಸ ಬಟ್ಟೆಗೆ ದುಡ್ಡು ಹೊಂದಿಸೋಕೆ ಒಂದು ಪಾರ್ಟಿ ಇಟ್ಟಳು. ಅವಳ ಅಣ್ಣ, ಜಮೈಕಾದಿಂದ ವಲಸೆ ಬಂದ ಕುಟುಂಬದ ಕಪ್ಪು ಹುಡುಗ ಡಿಜೆ ಕೂಲ್ ಹರ್ಕ್, ಅಲ್ಲಿ ಎರಡು ರೆಕಾರ್ಡ್ ಪ್ಲೇಯರ್ ಇಟ್ಟುಕೊಂಡು ಹಾಡಿನ ತಾಳದ ಭಾಗವನ್ನೇ ಮತ್ತೆ ಮತ್ತೆ ನುಡಿಸಿದ. ಹಿಪ್‌ಹಾಪ್ ಹುಟ್ಟಿದ ದಿನ ಅಂತ ಜಗತ್ತು ನೆನೆಯೋದು ಅದನ್ನೇ. ಬಡವರ ಬೀದಿಯಲ್ಲಿ ಕಪ್ಪು ಮಕ್ಕಳು ಕಟ್ಟಿದ ಕಲೆ ಅದು. ಮುದುಕರ ಎದೆ ನಡುಗಿಸೋ ಸ್ಪೀಕರ್ ಬೇಡ ಅನ್ನಿ, ನಾನೂ ನಿಮ್ಮ ಜೊತೆ. ಹೆಣ್ಣುಮಕ್ಕಳು ತಲೆ ತಗ್ಗಿಸೋ ಹಾಡು ಬೇಡ ಅನ್ನಿ, ಅದಕ್ಕೂ ಸೈ. ಆದರೆ ಡಿಜೆಗೂ ನಮಗೂ ಸಂಬಂಧವೇ ಇಲ್ಲ ಅನ್ಬೇಡಿ.

ಈಗ ತಮ್ಮಂದಿರಿಗೆ, ತಂಗಿಯರಿಗೆ. 'ನಮ್ ಕಾಲದ ಹಾಡು' ಅಂತೀರಲ್ಲ, ಅದನ್ನ ಆರಿಸಿದ್ದು ಯಾರು? ರೀಲ್ಸ್‌ನಲ್ಲಿ ಮೂವತ್ತು ಸೆಕೆಂಡ್ ಓಡೋ ಹಾಡನ್ನ ನಿಮ್ಮ ಫೋನಿಗೆ ತಂದು ಸುರಿಯೋದು ಕಂಪನಿ. ಒಂದು ಉದಾಹರಣೆ ನೋಡಿ. 'ಸೋಜುಗಾದ ಸೂಜುಮಲ್ಲಿಗೆ' ಕೇಳದವರು ಈಗ ಯಾರಿದ್ದಾರೆ? 2020ರ ಶಿವರಾತ್ರಿಗೆ ಕೊಯಮತ್ತೂರಿನ ಈಶಾ ವೇದಿಕೆಯಲ್ಲಿ ಅನನ್ಯಾ ಭಟ್ ಹಾಡಿದ್ದು ದೇಶವೆಲ್ಲ ಸುತ್ತಿತು. 2021ರಲ್ಲಿ 'ಗರುಡ ಗಮನ ವೃಷಭ ವಾಹನ' ಸಿನಿಮಾದಲ್ಲಿ ಚೈತ್ರಾ ಆಚಾರ್ ದನಿಯಲ್ಲಿ ಮತ್ತೆ ಬಂತು. ಇಬ್ಬರೂ ಚೆನ್ನಾಗೇ ಹಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ನಮ್ಮ ಮಾದಪ್ಪನ ಪದ. ಏಳುಮಲೆ ಹತ್ತೋ ಪರಸೆ ಜನ, ಕಂಸಾಳೆಯವರು, ಹೊಲದಲ್ಲಿ ಕಳೆ ಕೀಳೋ ಅವ್ವಂದಿರು ಬಾಯಿಂದ ಬಾಯಿಗೆ ದಾಟಿಸಿ ಉಳಿಸಿದ ಪರಂಪರೆಯದು. ನಮ್ಮ ಹುಡುಗರಿಗೆ ಸಿನಿಮಾದಲ್ಲಿ ಹಾಡಿದವರ ಹೆಸರು ಗೊತ್ತು, ತನ್ನ ಕೇರಿಯಲ್ಲೇ ತಂಬೂರಿ ಹಿಡಿದಿರೋ ತಾತನ ಹೆಸರು ಗೊತ್ತಿಲ್ಲ.

ಪತ್ರಿಕೆಯವರು, ಟಿವಿಯವರು ಆಗಾಗ 'ಒಂದು ತಲೆಮಾರನ್ನು ರೂಪಿಸಿದ ಹಾಡುಗಳು' ಅಂತ ಪಟ್ಟಿ ಮಾಡ್ತಾರೆ. ಅಣ್ಣಾವ್ರ ಹಾಡು, 1987ರ 'ಪ್ರೇಮಲೋಕ', 2006ರ 'ಮುಂಗಾರು ಮಳೆ'. ನನಗೂ ಇವೆಲ್ಲ ಇಷ್ಟವೇ. ಅಣ್ಣಾವ್ರಂತೂ ನಮ್ಮ ಗಡಿಯ ಗಾಜನೂರಿನವರು. ಆದ್ರೆ ಆ ಪಟ್ಟಿ ಕ್ಯಾಸೆಟ್ ಕೊಂಡವರ, ಥಿಯೇಟರಿಗೆ ಹೋದವರ ಲೆಕ್ಕ. ಮನೆ ಮುಂದೆ ನಿಂತು ಹಾಡಿ ಒಂದು ಮೊರ ರಾಗಿ ಇಸ್ಕೊಂಡು ಹೋದ ನೀಲಗಾರರನ್ನ ಯಾವ ದಶಕಕ್ಕೆ ಸೇರಿಸ್ತೀರಿ? ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಲ್ಲಿ ಜಾತ್ರೆಯ ರಾತ್ರಿ ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿ ಕತೆ ಹಾಡೋರು ಯಾವ ತಲೆಮಾರಿನೋರು? ಅವರು ಎಲ್ಲ ತಲೆಮಾರಲ್ಲೂ ಇದ್ರು. ಪಟ್ಟಿಯಲ್ಲಿ ಮಾತ್ರ ಒಂದು ಸಲವೂ ಇಲ್ಲ.

'ಕೋಲುಮಂಡೆ'ಯ ಕತೆ ಇನ್ನೂ ಸ್ಪಷ್ಟ. 1996ರ 'ಜನುಮದ ಜೋಡಿ'ಯಲ್ಲಿ ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದರು, ರಾಜ್ಯ ಪ್ರಶಸ್ತಿ ಬಂತು. 2020ರ ಗಣೇಶ ಹಬ್ಬಕ್ಕೆ ಚಂದನ್ ಶೆಟ್ಟಿ ಅದನ್ನೇ ರ‍್ಯಾಪ್ ಮಾಡಿದರು. ವಿಡಿಯೋದಲ್ಲಿ ಶಿವಶರಣೆ ಸಂಕಮ್ಮನನ್ನ ತೋರಿಸಿದ ರೀತಿಗೆ ನಮ್ಮ ಜಿಲ್ಲೆಯ ಭಕ್ತರು ಸಿಟ್ಟಾದರು, ಅವರು ಕ್ಷಮೆ ಕೇಳಿ ವಿಡಿಯೋ ತೆಗೆದರು. ಭಕ್ತಿಗೆ ಧಕ್ಕೆ ಅನ್ನೋದೇ ಆವತ್ತಿನ ದೊಡ್ಡ ಮಾತು. ಆದರೆ ಸಂಕಮ್ಮ ಯಾರು? ಕಾಡಿಗೆ ಹೊರಟ ಗಂಡ ನೀಲೇಗೌಡ 'ನಾನು ಬರೋತನಕ ಶೀಲ ಕಾಯ್ತೀನಿ ಅಂತ ಆಣೆ ಇಡು' ಅಂದಾಗ, ಇಡಲ್ಲ ಅಂದವಳು. ಹಿಂಸೆ ಕೊಟ್ಟರೂ ಬಗ್ಗದವಳು. ಇಂಥ ಹೆಣ್ಣಿನ ಕತೆಗೆ ರ‍್ಯಾಪ್‌ಗಿಂತ ಒಳ್ಳೆ ದನಿ ಇನ್ನೊಂದು ಇರಲಾರದು! ರ‍್ಯಾಪ್ ಮಾಡಿದ್ದು ತಪ್ಪಲ್ಲ. ಆಣೆ ಇಡದ ಆ ಬಾಯಿಯನ್ನ ಬಿಟ್ಟು ಮೈ ತೋರಿಸಿದ್ದು ನನ್ನ ತಕರಾರು. ನಮ್ಮ ಕೇರಿಯ ಒಬ್ಬಳು ಹುಡುಗಿ ಸಂಕಮ್ಮನನ್ನ ರ‍್ಯಾಪ್ ಮಾಡಿದ್ರೆ ಹೇಗಿರುತ್ತೆ, ಯೋಚಿಸಿ.

ಇದೆಲ್ಲ ಬರೀ ಹಾಡಿನ ಮಾತಲ್ಲ ಕಣ್ರಪ್ಪ. 2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ ಮದುವೆಗೆ ಬಂದ ನಮ್ಮ ಹೆಣ್ಣುಮಗಳೊಬ್ಬಳು ಮೇಲುಕೇರಿ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು ಅಂತ ತೊಂಬೆ ನೀರೆಲ್ಲ ಖಾಲಿ ಮಾಡಿಸಿ ಗಂಜಳದಲ್ಲಿ ತೊಳೆದರು. ಇದೇ ಸೀಮೆಯಲ್ಲಿ ಮಾದಪ್ಪನ ಪದ, ಮಂಟೇಸ್ವಾಮಿ ಪದ ಎಲ್ಲ ಬೀದಿಯಲ್ಲೂ ಮೊಳಗುತ್ತೆ. ದನಿಗೆ ಇಲ್ಲದ ಮೈಲಿಗೆ ಕೈಗೆ ಹೆಂಗೆ ಬಂತು? ನಮ್ಮ ಹಾಡು ಬೇಕು, ನಾವು ಬೇಡ ಅನ್ನೋದು ಹೊಸ ಆಟವೇನಲ್ಲ.

ತಮಟೆ ವಿಷಯದಲ್ಲಿ ನಮ್ಮೋರೇ ಎರಡು ಪಾಲು. ಸಾವಿಗೆ, ಹಬ್ಬಕ್ಕೆ ಊರವರು ಕರೆದಾಗ ಬಿಟ್ಟಿಯಾಗಿ ಬಾರಿಸಬೇಕಿದ್ದ ಕಾಲದಲ್ಲಿ ಎಷ್ಟೋ ಊರಲ್ಲಿ ನಮ್ಮ ಹಿರಿಯರು 'ಇನ್ನು ಬಾರಿಸಲ್ಲ' ಅಂದ್ರು. ಅದಕ್ಕೆ ಬಹಿಷ್ಕಾರವನ್ನೂ ಉಂಡರು. ಆ ನಿರಾಕರಣೆ ನನ್ನ ಪಾಲಿಗೆ ಒಂದು ದೊಡ್ಡ ಹಾಡು. ಅದೇ ತಮಟೆಯನ್ನ ಚಳವಳಿ ತನ್ನ ಮೆರವಣಿಗೆ ಮುಂದೆ ಇಟ್ಟುಕೊಂಡಿತು. 2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ಚರ್ಮ ಅದೇ, ಕಡ್ಡಿ ಅದೇ. ಯಾರ ಅಪ್ಪಣೆಗೆ, ಯಾರ ಇಷ್ಟಕ್ಕೆ ಬಾರಿಸ್ತೀವಿ ಅನ್ನೋದರಲ್ಲಿ ಗುಲಾಮಗಿರಿನೋ ಕಲೆನೋ ತೀರ್ಮಾನ ಆಗುತ್ತೆ.

ಪಕ್ಕದ ತಮಿಳುನಾಡು ನೋಡಿ, ಗುಂಡ್ಲುಪೇಟೆಯಿಂದ ಬಸ್ ಹತ್ತಿದ್ರೆ ಗೂಡಲೂರು. 2018ರ ಜನವರಿಯಲ್ಲಿ ಪಾ. ರಂಜಿತ್ ಬೆಂಬಲದಲ್ಲಿ 'ಕಾಸ್ಟ್‌ಲೆಸ್ ಕಲೆಕ್ಟಿವ್' ಚೆನ್ನೈನಲ್ಲಿ ವೇದಿಕೆ ಹತ್ತಿತು. ಕೇರಿಯ ಗಾನಾ ಹಾಡು, ಪರೈ, ರ‍್ಯಾಪ್, ರಾಕ್ ಎಲ್ಲ ಒಟ್ಟಿಗೆ. ಅಲ್ಲಿಂದ ಬಂದ ಅರಿವು, ಚಹಾ ತೋಟದಲ್ಲಿ ದುಡಿದ ತನ್ನ ಅಜ್ಜಿಯ ನೆನಪಿನಿಂದ 2021ರಲ್ಲಿ 'ಎಂಜಾಯ್ ಎಂಜಾಮಿ' ಬರೆದ. ಅದೇ ವರ್ಷ ಒಂದು ಸಂಗೀತ ಪತ್ರಿಕೆ ಆ ಹಾಡು ಹಾಡಿದ ಗಾಯಕಿಯನ್ನ ಮುಖಪುಟಕ್ಕೆ ಹಾಕಿ ಅರಿವುವನ್ನ ಬಿಟ್ಟಿತು. ರಂಜಿತ್ ಬಹಿರಂಗವಾಗಿ ಕೇಳಿದ ಮೇಲೇ ಅವನಿಗೂ ಒಂದು ಮುಖಪುಟ ಸಿಕ್ಕಿದ್ದು. ಕೇಳೋರು ಇದ್ರೆ ಹೆಸರು ಉಳಿಯುತ್ತೆ.

ಹಾಗಾಗಿ ಅಭಿರುಚಿ ಬೆಳೆಸ್ಕೊಳ್ಳೋದು ಅಂದ್ರೆ ಫೋನಿನಲ್ಲಿ ಇನ್ನೊಂದು ಪ್ಲೇಲಿಸ್ಟ್ ಇಳಿಸ್ಕೊಳ್ಳೋದಷ್ಟೇ ಅಂತ ನಾನು ಒಪ್ಪಲ್ಲ. ಬ್ಲೂಸ್ ಕೇಳಿ, ಅರಿವು ಕೇಳಿ, ಇಳಯರಾಜ ಕೇಳಿ, ಬಿಳಿಗಿರಿ ಬೆಟ್ಟದ ಸೋಲಿಗರ ಗೊರುಕನ ಕೇಳಿ. ಜೊತೆಗೆ ನಿಮ್ಮದೇ ಬೀದಿಯ ತಂಬೂರಿ, ಡಕ್ಕಿ, ಗಗ್ಗರದ ಸದ್ದಿಗೂ ಕಿವಿ ಕೊಡಿ.

ಮುಂದಿನ ಜಯಂತಿಗೆ ನನ್ನ ಕೋರಿಕೆ ಇಷ್ಟೇ. ಪ್ರತಿ ಊರಿನ ಹುಡುಗರು ಒಬ್ಬ ನೀಲಗಾರ ತಾತನ ಹತ್ತಿರ, ಒಬ್ಬ ಪದ ಹಾಡೋ ಅಜ್ಜಿ ಹತ್ತಿರ ಕೂತು ಕೇಳಿ, ಅವರು ಒಪ್ಪಿದ್ರೆ ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಎಲ್ಲಿ ಹಾಕಿದ್ರೂ ಹಾಡಿದವರ ಹೆಸರು, ಊರು ಮೊದಲು ಬರೀರಿ. ವೇದಿಕೆಗೆ ಕರೆದ್ರೆ ಶಾಲು ಹೊದಿಸಿ ಕಳಿಸಬೇಡಿ, ಡಿಜೆಯವನಿಗೆ ಕೊಡೋ ದುಡ್ಡಿನಷ್ಟೇ ಅವರಿಗೂ ಕೊಡಿ. ಅಣ್ಣಂದಿರು ಸಂಜೆ ಮನೆಗೆ ಹೋಗದೆ ಹುಡುಗರ ಹಾಡು ಕೊನೇತನಕ ನಿಂತು ಕೇಳಿ. ಮೈಕನ್ನ ಒಂದು ಗಂಟೆ ಪೂರ್ತಿ ಹೆಣ್ಣುಮಕ್ಕಳ ಕೈಗೆ ಬಿಡಿ, ಅವರು ಏನು ಬೇಕಾದ್ರೂ ಹಾಡ್ಲಿ.

ನಾಳೆ ಯಾರಾದ್ರೂ ನಮ್ಮ ತಲೆಮಾರಿನ ಹಾಡು ಯಾವುದು ಅಂತ ಕೇಳಿದ್ರೆ, ಹಾಡಿನ ಜೊತೆ ಹಾಡಿದವರ ಹೆಸರೂ ನಮ್ಮ ಬಾಯಲ್ಲಿ ಬರಬೇಕು.

ಜೈಭೀಮ್.