ನೋಟು ಎಂದರೆ ಗೀಟೆಳೆಯುವವರಿಗೆ

ನನ್ನ ಪಿಎಚ್‌ಡಿ ಪ್ರಬಂಧದ ಕರಡು ವಾಪಸು ಬಂದಿದೆ. ‘ನೋಟು’ ಎಂದು ಬರೆದಲ್ಲೆಲ್ಲ ಕೆಂಪು ಗೀಟು, ಪಕ್ಕದಲ್ಲಿ ‘ಕಿರು ವಾದ್ಯವೃಂದ ರಚನೆ’ ಎಂಬ ತಿದ್ದುಪಡಿ. ತಿದ್ದಿದವರು ಸಂಗೀತ ಬಲ್ಲವರೇ. ಅದೇ ಪುಟದಲ್ಲಿದ್ದ ‘ಸಿಂಫನಿ’, ‘ಓವರ್ಚರ್’ಗಳನ್ನು ಮಾತ್ರ ಮುಟ್ಟಿಲ್ಲ.

ಅಲ್ಲಿಗೆ ತಕರಾರು ಇಂಗ್ಲಿಷಿನ ಮೇಲಲ್ಲ ಎಂದಾಯಿತು.

ಮಾರ್ಕೋನಹಳ್ಳಿಯಲ್ಲಿ ನಮ್ಮಕ್ಕನ ಮದುವೆ. ಧಾರೆ ಮುಗಿದು ಜನ ಊಟದ ಪಂಕ್ತಿಯತ್ತ ಸರಿಯುತ್ತಿದ್ದಾಗ ಓಲಗದ ಹಿರಿಯರು ಅಪ್ಪನನ್ನು ಕೇಳಿದರು: “ಒಂದು ನೋಟು ಊದ್ಲಾ ಸ್ವಾಮಿ?” ಸಾಹಿತ್ಯವಿಲ್ಲ, ಆಲಾಪನೆಯಿಲ್ಲ, ಎರಡು ಮೂರು ನಿಮಿಷದ ಓಟ. ಶಂಕರಾಭರಣದ ಸ್ವರಗಳೇ, ಆದರೆ ಗಮಕವನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬಂದಿದ್ದವು. ಮಕ್ಕಳು ಕುಣಿದರು. ಮಾವ ಅವರ ಜೇಬಿಗೆ ಇನ್ನೊಂದು ಬಗೆಯ ನೋಟು ತುರುಕಿದ.

ಈ ಪದ ಹಳ್ಳಿಯವರ ಅಜ್ಞಾನದಿಂದ ಹುಟ್ಟಿದ್ದಲ್ಲ. ಮುತ್ತುಸ್ವಾಮಿ ದೀಕ್ಷಿತರು (1775–1835) ಪಾಶ್ಚಾತ್ಯ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದ ರಚನೆಗಳಿಗೆ ‘ನೊಟ್ಟುಸ್ವರ’ ಎಂದೇ ಹೆಸರು. ಅವರ ‘ಸಂತತಂ ಪಾಹಿಮಾಂ’ ಬ್ರಿಟಿಷರ ರಾಷ್ಟ್ರಗೀತೆಯ ಧಾಟಿ. ನಾಲ್ವಡಿಯವರ ಆಸ್ಥಾನದಲ್ಲಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ‘ಇಂಗ್ಲಿಷ್ ನೋಟು’ ಮದುರೈ ಮಣಿ ಅಯ್ಯರ್ ಅವರ ಕಛೇರಿಗಳಿಂದ ಮನೆಮಾತಾಯಿತು. ಮೈಸೂರು ಅರಮನೆಯಲ್ಲಂತೂ ಪಾಶ್ಚಾತ್ಯ ಬ್ಯಾಂಡೂ ಕರ್ನಾಟಕ ಬ್ಯಾಂಡೂ ಅಕ್ಕಪಕ್ಕ ಬಾಳಿದವು.

ಇಂಗ್ಲಿಷಿನಲ್ಲಿ ನೋಟ್ ಎಂದರೆ ಬಿಡಿ ಸ್ವರ, ಇಡೀ ಕೃತಿಯಲ್ಲ, ಆದ್ದರಿಂದ ನಮ್ಮ ಬಳಕೆ ತಪ್ಪು ಎನ್ನುವ ವಾದವೂ ಇದೆ. ಇಟಲಿಯಲ್ಲಿ ‘ಸಿನ್ಫೋನಿಯಾ’ ಎಂದರೆ ಆಪೆರಾ ಶುರುವಾಗುವ ಮುಂಚಿನ ಪುಟ್ಟ ವಾದ್ಯಸಂಗೀತವೂ ಆಗಿತ್ತು. ಅದೇ ಬೆಳೆದು ಸಿಂಫನಿಯಾಯಿತು. ಅಲ್ಲಿ ಪದದ ಅರ್ಥ ಹಿಗ್ಗಿದರೆ ಚರಿತ್ರೆ, ಇಲ್ಲಿ ಹಿಗ್ಗಿದರೆ ಅಪಭ್ರಂಶವೇ?

ಇನ್ನು ಆ ‘ಕಿರು ವಾದ್ಯವೃಂದ ರಚನೆ’. ಎರಡು ನಾದಸ್ವರ, ಒಂದು ಡೋಲು, ಒಂದು ಶ್ರುತಿ. ಇದರಲ್ಲಿ ವೃಂದ ಎಲ್ಲಿಂದ ಬಂತು? ಗಮಕ ಬಿಟ್ಟ ಸ್ವರದ ನಡೆಯನ್ನು, ಪರದೇಶದಿಂದ ಬಂದ ಆ ಲವಲವಿಕೆಯನ್ನು ಈ ಮೂರು ಪದಗಳಲ್ಲಿ ಯಾವುದು ಹೇಳುತ್ತದೆ? ‘ನೋಟು’ ಒಂದೇ ಉಸಿರಿಗೆ ಅಷ್ಟನ್ನೂ ಹೇಳುತ್ತದೆ. ಅದನ್ನು ಹೇಳುವ ಬಾಯಿ ಓಲಗದವರದು ಎಂಬುದೇ ವಿದ್ವಾಂಸರಿಗೆ ಮುಜುಗರ ಎಂಬ ಗುಮಾನಿ ನನ್ನದು. ಮಂಟಪದ ಮೂಲೆಯಲ್ಲಿ ಕೂರಿಸಿ, ಕೊನೆಯ ಪಂಕ್ತಿಯಲ್ಲಿ ಊಟಕ್ಕೆ ಎಬ್ಬಿಸುವವರಿಂದ ಪಾರಿಭಾಷಿಕ ಪದವನ್ನು ಕಲಿಯಬೇಕಲ್ಲ!

ತಿದ್ದಿದ ಪ್ರತಿ ಮುಂದಿನ ವಾರ ಕೊಡಬೇಕು. ಕಾಗುಣಿತದ ತಪ್ಪುಗಳನ್ನೆಲ್ಲ ಸರಿಪಡಿಸಿದ್ದೇನೆ. ‘ನೋಟು’ ಇದ್ದಲ್ಲೇ ಇದೆ.